ಚೆಂಬಿಗೆ ಮರಳಿದ ಚೀಟಿ

ನಾನು ಬರೆದ ವಾಕ್ಯವನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿ, ‘ಈಗ ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳುತ್ತೇನೆ. ಅವರು ಹೇಳಿದ್ದೂ ನಾನು ಬರೆದದ್ದೂ ಒಂದೇ ಆದರೆ ಮಾತ್ರ ಅದು ಅಚ್ಚಿಗೆ ಹೋಗಬೇಕು. ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಥಲಸ್ಸೇಮಿಯಾ ಎಂಬ ಕಾಯಿಲೆ ಇರುವ ಮಕ್ಕಳ ಮನೆಯವರಿಗಾಗಿ ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಸಂಸ್ಥೆಯ ಡಾಕ್ಟರ್ ಪ್ರಭುದೇವ ಅವರಿಗೆ ನನ್ನ ಪದ್ಧತಿ ಕಂಡರೆ ಆಗದು. ‘ವಾಣಿಶ್ರೀ, ನೀವು ಕರಪತ್ರ ಬರೀತಿದ್ದೀರೋ, ಜನಕ್ಕೆ ಪರೀಕ್ಷೆ ಇಡ್ತಿದ್ದೀರೋ?’ ಎನ್ನುತ್ತಾರೆ.

ಒಳ್ಳೆಯ ವೈದ್ಯರು. ಬರೆಯಲು ಕೂತರೆ ಮಾತ್ರ ದೇವರೇ ಕಾಪಾಡಬೇಕು. ಮೊದಲ ಕರಡಿನಲ್ಲಿ ‘ದೋಷಪೂರಿತ ವಂಶವಾಹಿ’ ಎಂದು ಬರೆದಿದ್ದರು. ದೋಷ ಅಂದ ಕೂಡಲೇ ನಮ್ಮ ಜನ ರಕ್ತ ಪರೀಕ್ಷೆ ಬಿಟ್ಟು, ಜಾತಕ ಹಿಡಿದು ಶಾಂತಿ ಮಾಡಿಸಲು ಓಡುತ್ತಾರೆ. ಅದನ್ನು ಹೊಡೆದುಹಾಕಿದೆ. ಅವರೂ ಸುಮ್ಮನಿರಲಿಲ್ಲ, ನನ್ನದೊಂದು ಸಾಲು ಹೊಡೆದರು: ‘ಇದು ಯಾರ ತಪ್ಪೂ ಅಲ್ಲ.’ ಪಕ್ಕದಲ್ಲಿ ‘ವೈದ್ಯಕೀಯ ಮಾಹಿತಿ ಅಲ್ಲ, ಬೇಡ’ ಎಂದು ಬರೆದಿದ್ದರು.

ಮಾರನೆಯ ದಿನ ಯಡಿಯೂರಿನಲ್ಲಿ ಶಿಬಿರ. ಹಿಂದಿನ ಸಂಜೆಯೊಳಗೆ ಕರಪತ್ರ ಅಚ್ಚಾಗಬೇಕು. ಪ್ರೆಸ್ಸಿನ ಶಿವರಾಜ್ ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದ. ಆದರೂ ಹಟ ಮಾಡಿ ಗುಬ್ಬಿಗೆ ಬಸ್ಸು ಹತ್ತಿ, ಅಲ್ಲಿಂದ ಹಾಗಲವಾಡಿ ಹತ್ತಿರದ ಗಂಗಲಕ್ಷ್ಮಮ್ಮನ ಮನೆಗೆ ಹೋದೆ.

ಆ ಮನೆಯಲ್ಲಿ ಅಜ್ಜಿಯೇ ಅತ್ತೆ. ಹುಲಿಯೂರುದುರ್ಗಕ್ಕೆ ಕೊಟ್ಟಿದ್ದ ಮಗಳ ಮಗಳು ಬಿಂದುಶ್ರೀಯನ್ನೇ ಗಂಗಲಕ್ಷ್ಮಮ್ಮ ತಮ್ಮ ಮಗ ಲಕ್ಷ್ಮೀಕಾಂತನಿಗೆ ತಂದುಕೊಂಡಿದ್ದರು. ತೆಂಗಿನ ತೋಟ ಹೊರಗಿನವರ ಪಾಲಾಗಬಾರದು, ಮೊಮ್ಮಗಳು ಕಣ್ಣೆದುರೇ ಇರಬೇಕು ಎಂಬ ಆಸೆ. ಗಂಡ ಹೆಂಡತಿಗೆ ಹುಟ್ಟಿದ ಮಗಳು ಭೂಮಿಕಾ ಕೆಲವೇ ತಿಂಗಳಲ್ಲಿ ಬಿಳಿಚಿಕೊಂಡಳು. ಈಗ ಅವಳಿಗೆ ನಾಲ್ಕು ವರ್ಷ. ತಿಂಗಳು ತಿಂಗಳೂ ತುಮಕೂರಿಗೆ ಕರೆತಂದು ರಕ್ತ ಹಾಕಿಸುತ್ತಾರೆ.

ಬಿಂದುಶ್ರೀ ಮತ್ತೆ ಬಸುರಿ, ನಾಲ್ಕನೇ ತಿಂಗಳು. ಹೊಟ್ಟೆಯಲ್ಲಿರುವ ಮಗುವಿಗೂ ಈ ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಗುರುವಾರ ಬೆಂಗಳೂರಿನಲ್ಲಿ ಪರೀಕ್ಷೆ ಗೊತ್ತಾಗಿತ್ತು. ಅದು ತಪ್ಪಿದರೆ, ವರದಿ ಬರುವ ವೇಳೆಗೆ ಯೋಚಿಸಿ ನಿರ್ಧಾರ ಮಾಡಲು ಕಾಲವೇ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಪಡಸಾಲೆಯಲ್ಲಿ ಕೂತು ಓದಿದೆ. ‘ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಈ ಕಾಯಿಲೆಯ ಅಂಶ ಅಡಗಿದ್ದರೆ, ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ ಬರುತ್ತದೆ. ಅನೇಕ ಕಾಯಿಲೆಗಳಿಗೆ ವಂಶದ ಜೊತೆಗೆ ನೀರು, ಗಾಳಿ, ಆಹಾರವೂ ಕಾರಣವಾಗಬಹುದು.’ ಎರಡನೆಯ ವಾಕ್ಯ ಡಾಕ್ಟರು ಸೇರಿಸಿದ್ದು. ಸಕ್ಕರೆ ಕಾಯಿಲೆಯ ಮಟ್ಟಿಗೆ ಅದು ನಿಜ.

‘ಈಗ ನಿಮ್ಮ ಮಾತಲ್ಲಿ ಹೇಳಿ’ ಎಂದೆ.

ಗಂಗಲಕ್ಷ್ಮಮ್ಮ ತಡಮಾಡಲಿಲ್ಲ. “ನಾಲ್ಕ್ರಲ್ಲಿ ಒಂದ್ ಪಾಲು. ಆ ಪಾಲು ನಮ್ ಭೂಮಿಗ್ ಬಂದೋಯ್ತು. ಮಗಾ ಪಾಪ, ಎಲ್ರುದ್ನೂ ಅವಳೇ ಹೊತ್ಕೊಂಡ್ಳು. ಇನ್ನ್ ಹುಟ್ಟೋವ್ಕೆ ಏನೂ ಇಲ್ಲ, ಬುಡು.”

ಲಕ್ಷ್ಮೀಕಾಂತ ತಲೆಯಾಡಿಸಿದ. “ನಾನ್ ಹೇಳಿರ್ಲಿಲ್ವಾ ಮೇಡಂ, ಬೋರ್ ನೀರೂ ಕಾರಣ ಅಂತ. ಈಗ ಫಿಲ್ಟರ್ ನೀರೇ ಕುಡೀತಿದೀವಿ.”

ಬಿಂದುಶ್ರೀಯ ಮುಖ ನೋಡಿದೆ. ಹಿಂದೆ ಎರಡು ಸಲ ಬಂದಾಗಲೂ ಬಿಗಿದುಕೊಂಡೇ ಇದ್ದ ಮುಖ ಅದು. ಈಗ ಸಡಿಲವಾಗಿತ್ತು. “ಹಂಗಾದ್ರೆ ಗುರುವಾರ ಹೋಗೋದ್ ಬ್ಯಾಡ ಅಲ್ವಾ ಮೇಡಂ?” ಎಂದಳು. “ಹೊಟ್ಟೆಗ್ ಸೂಜಿ ಹಾಕ್ತಾರೆ ಅಂದ್ರೆ ರಾತ್ರಿಯೆಲ್ಲ ನಿದ್ದೆ ಬರಲ್ಲ ನಂಗೆ.”

ಲಕ್ಷ್ಮೀಕಾಂತ ಆಗಲೇ ಫೋನ್ ತೆಗೆದಿದ್ದ. “ಕಾರಿನ ಜುಂಜಪ್ಪಂಗೆ ಬ್ಯಾಡ ಅಂದ್ಬುಡ್ತೀನಿ” ಎಂದ.

ಒಂದು ಸಮಾಧಾನ ನನ್ನ ಸಾಲಿನಿಂದ, ಇನ್ನೊಂದು ಡಾಕ್ಟರ ಸಾಲಿನಿಂದ. ಎರಡೂ ಸುಳ್ಳು ಸಮಾಧಾನ. ಆ ಸಾಲುಗಳಲ್ಲಿದ್ದ ಮಾತು ಸುಳ್ಳೆಂದು ಯಾವ ಪುಸ್ತಕವೂ ಹೇಳುವುದಿಲ್ಲ, ನನಗೆ ಸಿಟ್ಟು ಬಂದದ್ದೇ ಅದಕ್ಕೆ.

“ಫೋನ್ ಇಡು ಲಕ್ಷ್ಮೀಕಾಂತ” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. “ನಾನು ಬರ್ದಿದ್ದು ಸರಿಯಿಲ್ಲ. ನೀರಿನ ಮಾತು ಈ ಕಾಯಿಲೆಗೆ ಸೇರಿದ್ದೇ ಅಲ್ಲ. ಈ ಕಡೆ ಹಲ್ಲು ಹಳದಿ ಆಗೋದು ನೀರಿಂದ ಇರ್ಬಹುದು. ಭೂಮಿಗೆ ಬಂದಿರೋದು ನೀರಿಂದ ಬಂದಿದ್ದಲ್ಲ, ಫಿಲ್ಟರ್ ಹಾಕ್ಸಿದ್ರೆ ಹೋಗೋದೂ ಅಲ್ಲ.”

ಅವನು ಫೋನ್ ಇಡಲಿಲ್ಲ. ಕರೆಯನ್ನೂ ಮಾಡಲಿಲ್ಲ.

“ನೀರಿಂದ್ ಅಲ್ದಿದ್ರೆ ಅಲ್ಲ ಅನ್ನು” ಎಂದರು ಗಂಗಲಕ್ಷ್ಮಮ್ಮ. “ನಾಲ್ಕ್ರಲ್ಲಿ ಒಂದು ಅನ್ನೋದ್ ಸುಳ್ಳಾ? ನಮ್ಮಾವ್ರು ತೋಟ ಭಾಗ ಮಾಡ್ದಾಗ ಬಸವಣ್ಣನ ಗುಡೀಲಿ ಚೆಂಬಿಗೆ ನಾಲ್ಕ್ ಚೀಟಿ ಹಾಕಿ ಎತ್ಸಿದ್ರು. ಕಲ್ಲು ಭೂಮಿ ನಮ್ಮ ಯಜಮಾನ್ರ ಚೀಟಿಗ್ ಬಂತು. ಮಿಕ್ಕ್ ಮೂರ್ ಜನಕ್ಕೆ ಒಳ್ಳೇದೇ ಸಿಕ್ತು. ಕೆಟ್ಟದ್ದು ಒಬ್ರಿಗ್ ಬಂದ್ಮೇಲೆ ಮುಗೀತು ತಾನೆ?”

ಅಲ್ಲಿ ನನಗೆ ಅರ್ಥವಾಯಿತು. ನಾನು ಬರೆದದ್ದು ಲೆಕ್ಕ, ಅವರು ಕೇಳಿಸಿಕೊಂಡದ್ದು ಪಾಲುಪಟ್ಟಿ.

“ಒಂದು ಚೆಂಬು ಕೊಡ್ತೀರಾ ಅಮ್ಮ” ಎಂದೆ.

ಕರಡಿನ ಹಾಳೆಯನ್ನೇ ಹರಿದು ನಾಲ್ಕು ಚೀಟಿ ಮಾಡಿದೆ. ದೇವರ ಮುಂದಿನ ಬಟ್ಟಲಿನಿಂದ ಕುಂಕುಮ ತಂದು ಒಂದಕ್ಕೆ ಹಚ್ಚಿದೆ. ಅದನ್ನು ನೆಲದ ಮೇಲಿಟ್ಟು, “ಇದು ಭೂಮಿದು” ಎಂದೆ. ಮಿಕ್ಕ ಮೂರನ್ನು ಮಡಿಚಿ ಚೆಂಬಿಗೆ ಹಾಕಿದೆ. ಗಂಗಲಕ್ಷ್ಮಮ್ಮ ಸಮಾಧಾನದಿಂದ ನೋಡುತ್ತಿದ್ದರು. ಆಮೇಲೆ ಕುಂಕುಮದ ಚೀಟಿಯನ್ನೂ ಮಡಿಚಿ ಚೆಂಬಿಗೆ ಹಾಕಿ ಕುಲುಕಿದೆ.

“ಅದ್ಯಾಕ್ ವಾಪಸ್ ಹಾಕ್ದೆ?” ಅವರು ಮುಂದಕ್ಕೆ ಬಾಗಿದರು. “ಎತ್ತಿದ್ ಚೀಟಿ ವಾಪಸ್ ಹಾಕ್ತಾರಾ ಯಾರಾದ್ರೂ?”

“ಭಾಗದಲ್ಲಿ ಹಾಕಲ್ಲ. ಇದು ಭಾಗ ಅಲ್ಲ. ಪ್ರತಿ ಸಲ ಬಸುರಿ ಆದಾಗ್ಲೂ ನಾಲ್ಕು ಚೀಟೀನೂ ಚೆಂಬಲ್ಲೇ ಇರ್ತವೆ. ಭೂಮಿ ಯಾರ ಪಾಲನ್ನೂ ಹೊತ್ಕೊಂಡಿಲ್ಲ. ಈ ಮಗುಗೆ ಬರ್ಲೇಬೇಕು ಅಂತಾನೂ ಇಲ್ಲ. ಮೂರು ಚೀಟಿ ಬಿಳೀದೇ. ಆದ್ರೆ ಕೆಂಪುದು ಒಳಗಿದೆ.”

ಚೆಂಬನ್ನು ಬಿಂದುಶ್ರೀಯ ಮುಂದಿಟ್ಟೆ. ಇಡಬಾರದಿತ್ತೇನೋ. ಬಿಳಿ ಚೀಟಿ ಬಂದರೆ ಮತ್ತೆ ಸುಳ್ಳು ಧೈರ್ಯ. ಕೆಂಪು ಬಂದರೆ ಆ ಹುಡುಗಿ ಅಲ್ಲೇ ಕುಸಿಯುತ್ತಾಳೆ. ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಅವಳು ಕೈ ಹಾಕಿಬಿಟ್ಟಿದ್ದಳು. ಚೆಂಬಿನೊಳಗೆ ಕಾಗದ ಸರಿದಾಡುವ ಸದ್ದು ಕೇಳುತ್ತಿತ್ತು. ನನ್ನ ಫೋನ್ ಹೊಡೆದುಕೊಂಡಿತು, ಶಿವರಾಜನೇ. ಕಟ್ ಮಾಡಿದೆ.

ಬಿಂದುಶ್ರೀ ಬರಿಗೈಯನ್ನು ಹೊರಗೆ ತೆಗೆದಳು.

“ಇಲ್ಲಿ ಎತ್ತಲ್ಲ” ಎಂದಳು. “ಗುರುವಾರ ಹೋಗ್ತೀನಿ. ಏನಿದೆ ಅಂತ ತಿಳ್ಕೊಂಡು ಆಮೇಲೆ ಯೋಚ್ನೆ ಮಾಡ್ತೀನಿ. ಮಾವ, ಜುಂಜಪ್ಪಂಗೆ ಫೋನ್ ಮಾಡ್ಬ್ಯಾಡ.”

ಲಕ್ಷ್ಮೀಕಾಂತ ಫೋನನ್ನು ಜೇಬಿಗೆ ಹಾಕಿಕೊಂಡ. ಪೆನ್ನು ತೆಗೆದು ಇನ್ನೊಂದು ಪ್ರತಿಯ ಮೇಲೆ ಬರೆದೆ: ‘ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಹೊಸದಾಗಿ ಇರುತ್ತದೆ. ಮೊದಲ ಮಗುವಿಗೆ ಬಂದಿದೆ ಎಂದು ಮುಂದಿನದಕ್ಕೆ ಅದು ಹೆಚ್ಚೂ ಆಗದು, ಕಡಿಮೆಯೂ ಆಗದು. ಈ ಕಾಯಿಲೆ ನೀರಿನಿಂದಾಗಲಿ ಊಟದಿಂದಾಗಲಿ ಬರುವುದಿಲ್ಲ.’

ಕೆಲಸ ಮುಗಿಯಿತು ಎಂದುಕೊಂಡೆ. ಗಂಗಲಕ್ಷ್ಮಮ್ಮ ಚೆಂಬನ್ನು ತಮ್ಮ ಕಡೆಗೆ ಎಳೆದುಕೊಂಡು ಒಳಗೆ ನೋಡುತ್ತಿದ್ದರು.

“ಅಪ್ಪ ಅಮ್ಮ ಇಬ್ರಲ್ಲೂ ಇರ್ಬೇಕು ಅಂದ್ಯಲ್ಲ” ಎಂದರು ನಿಧಾನಕ್ಕೆ. “ಇವ್ನು ನನ್ ಮಗ. ಅವ್ಳು ನನ್ ಮಗಳ್ ಮಗಳು. ನಂದೋ ನಮ್ಮ ಯಜಮಾನ್ರದೋ, ಒಂದೇ ಕಡೆಯಿಂದ ಇಬ್ರಿಗೂ ಹೋಗಿರೋದು. ಅವ್ಳಮ್ಮ ಹೊರಗಡೆ ಸಂಬಂಧ ನೋಡಾಣ ಅಂದ್ಳು. ಬ್ಯಾಡ ಅಂತ ಹಟ ಮಾಡ್ದೋಳು ನಾನು.” ಚೆಂಬನ್ನು ಆಚೆ ಸರಿಸಿ ಅಂದರು, “ಕುಂಕುಮದ್ ಚೀಟಿ ಚೆಂಬಿಗ್ ಹಾಕ್ದೋಳು ನಾನೇ ಕಣವ್ವ.”

ಬಿಂದುಶ್ರೀ “ಅಜ್ಜಿ” ಎಂದಳು.

ಇಲ್ಲ ಅಂದರೆ ಸುಳ್ಳು. ಹೌದು ಅಂದರೆ ಆ ಮುದುಕಿ ಅದನ್ನು ಹೊತ್ತುಕೊಂಡೇ ಸಾಯುತ್ತಾರೆ. ಇಂಥ ಗಳಿಗೆಗೆ ‘ಯಾರ ತಪ್ಪೂ ಅಲ್ಲ’ ಎಂಬ ನನ್ನ ಹಳೆಯ ಸಾಲೂ ಸಾಲದು ಅನಿಸಿತು. ಅದು ಸಂತೆಯಲ್ಲಿ ಎಲ್ಲರಿಗೂ ಹೇಳುವ ಮಾತಿನಂತಿತ್ತು. ಹಾಳೆಯ ಕೆಳಗೆ ಬರೆದು ಹೊಡೆದೆ, ಮತ್ತೆ ಬರೆದೆ. ಡಾಕ್ಟರು ಬೇಡ ಅಂದರೆ ಅವರ ಜೊತೆ ಜಗಳಕ್ಕೂ ಸೈ ಎಂದುಕೊಂಡು ಓದಿದೆ.

“ಈ ಅಂಶ ಮೈಯಲ್ಲಿದ್ದರೂ ಹೊರಗೆ ಕಾಣುವುದಿಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಗಂಡ ಹೆಂಡತಿ ಇಬ್ಬರಲ್ಲೂ ಇದು ಇರುವ ಸಾಧ್ಯತೆ ಹೆಚ್ಚು. ಆದರೆ ರಕ್ತ ಪರೀಕ್ಷೆ ಇಲ್ಲದೆ ಇದು ತಿಳಿಯುವುದಿಲ್ಲ. ತಿಳಿಯದೆ, ಮಕ್ಕಳು ಚೆನ್ನಾಗಿರಲಿ ಎಂದೇ ಮದುವೆ ಮಾಡಿಸಿದ ಹಿರಿಯರು ಇದಕ್ಕೆ ಹೊಣೆಯಲ್ಲ.”

“ಈಗ ನಿಮ್ಮ ಮಾತಲ್ಲಿ ಹೇಳಿ ಅಮ್ಮ” ಎಂದೆ.

ಗಂಗಲಕ್ಷ್ಮಮ್ಮ ಬಾಯಿ ತೆರೆದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಳಗಿಂದ ಓಡಿ ಬಂದ ಭೂಮಿಕಾಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ತಲೆಯ ಮೇಲಿಂದ ನನ್ನನ್ನೇ ನೋಡಿದರು.

“ಇನ್ನೊಂದ್ ಸಲ ಓದವ್ವ” ಎಂದರು.