ಕಿಟಕಿಯಿಂದ ತೆಗೆದ ಅಳತೆ

ದರ್ಜಿಯ ಅಂಗಡಿ ಕೆಳಗೆ, ಮನೆ ಮೇಲೆ. ಗಿರಾಕಿಗಳ ಅಳತೆಯನ್ನೆಲ್ಲ ಅವನು ಫೋನಿನಲ್ಲಿ ಬರೆದಿಡುತ್ತಿದ್ದ. ಬಟ್ಟೆ ಕತ್ತರಿಸುವ ಹೆಂಡತಿ ಅದನ್ನೇ ಕಂಪ್ಯೂಟರಿನಲ್ಲಿ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಆನ್‌ಲೈನಿನ ಪುಕ್ಕಟೆ ಜಾಗ ತುಂಬಿಹೋಗಿ, ಇನ್ನು ತಿಂಗಳ ಬಾಡಿಗೆ ಕಟ್ಟಿ ಎಂದಿತು.

"ಕಂಡವರ ಸೊಂಟಕ್ಕೆ ನಾನ್ಯಾಕೆ ಬಾಡಿಗೆ ಕಟ್ಟಲಿ?" ಎಂದು ಅವನು ಹಾರಾಡಿದ.

ಅವನ ತಂಗಿಗೆ ಕಂಪ್ಯೂಟರ್ ರಿಪೇರಿಯ ಕೆಲಸ. ಬಂದವಳೇ ಒಂದು ಪುಕ್ಕಟೆ ಪ್ರೋಗ್ರಾಮ್ ಹಾಕಿದಳು. "ನೋಡಣ್ಣ, ಫೋನು, ಕಂಪ್ಯೂಟರು ಎರಡೂ ಮನೆ ವೈಫೈಯಲ್ಲಿದ್ರೆ ಸಾಕು, ಫೈಲುಗಳನ್ನ ತಾವ್ತಾವೇ ಕೊಟ್ಟು ತಗೋತವೆ. ಮಧ್ಯೆ ಯಾರೂ ಇಲ್ಲ. ಆದ್ರೆ ಒಂದರಲ್ಲಿ ಬದಲಾಯಿಸಿದ್ರೆ ಎಲ್ಲದರಲ್ಲೂ ಬದಲಾಗತ್ತೆ. ಮೂರನೇ ಕಾಪಿ ಇರ್ಲಿ ಅಂತ ಅಮ್ಮನ ಟ್ಯಾಬಿಗೂ ಹಾಕಿದೀನಿ."

ಅಮ್ಮನಿಗೆ ಮಂಡಿನೋವು. ಮೇಲಿನ ಕಿಟಕಿಯ ಬಳಿ ಕೂತು ಬೀದಿ ನೋಡುವುದೇ ದಿನವಿಡೀ ಕೆಲಸ.

ಎರಡು ವಾರ ಕಳೆಯುವಷ್ಟರಲ್ಲಿ ದರ್ಜಿಯ ಕೈಗುಣದ ಬಗ್ಗೆ ಬೀದಿಯಲ್ಲೆಲ್ಲ ಮಾತು. ಪೋಸ್ಟ್‌ಮ್ಯಾನ್ ಅಂಗಡಿಗೇ ಬಂದು ಕೈ ಕುಲುಕಿದ. "ಕೂತಾಗ ಗುಂಡಿ ಹಾರದ ಪ್ಯಾಂಟು ಹಾಕಿದ್ದು ಇದೇ ಮೊದಲು ಮಾರಾಯ!"

ದರ್ಜಿ ಉಬ್ಬಿಹೋದ. ಇನ್ನೊಂದು ಪ್ಯಾಂಟಿಗೆಂದು ಫೈಲು ತೆರೆದವನು ಸೊಂಟದ ಅಳತೆಯನ್ನು ಎರಡೆರಡು ಸಲ ಓದಿದ. ತಾನು ಬರೆದಿದ್ದು ಮೂವತ್ತಾರು, ಅಲ್ಲಿದ್ದದ್ದು ಮೂವತ್ತೊಂಬತ್ತು. ಬದಲಾಯಿಸಿದ್ದು ಟ್ಯಾಬು ಎಂದು ಪ್ರೋಗ್ರಾಮೇ ತೋರಿಸಿತು. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ.

"ಅಮ್ಮ, ಇದು ನೀನು ಮಾಡಿದ್ದಾ?"

"ಮತ್ತಿನ್ಯಾರು? ನಿನ್ ಟೇಪು ಕಂಡ ಕೂಡ್ಲೇ ಎಲ್ರೂ ಹೊಟ್ಟೆ ಒಳಗೆ ಎಳ್ಕೋತಾರೆ ಕಣೋ. ಈ ಕಿಟಕಿ ಹತ್ರ ಬರೋಷ್ಟ್ರಲ್ಲಿ ಬಿಟ್ಬಿಡ್ತಾರೆ."

ಇಪ್ಪತ್ತು ವರ್ಷ ಕಸುಬು ಮಾಡಿದವನಿಗೆ ಮುಖಕ್ಕೆ ಹೊಡೆದಂತಾಯಿತು. ತಂಗಿಗೆ ಹೇಳಿ, ಟ್ಯಾಬು ಬರೀ ಪಡೆಯಬೇಕು, ಏನನ್ನೂ ಕಳಿಸಬಾರದು ಎಂದು ಮಾಡಿಸಿದ. ಅಮ್ಮ ಮತ್ತೆ ಕಿಟಕಿಯತ್ತ ತಿರುಗಿದಳು.

ಮುಂದಿನ ವಾರ ಸಂಗೀತದ ಮೇಷ್ಟ್ರು ಹೊಸ ಕೋಟು ತೊಟ್ಟು ಹಾಡಲು ನಿಂತರು. ಮೇಲಿನ ಸ್ವರ ಮುಟ್ಟುತ್ತಲೇ ಗುಂಡಿ ಹಾರಿ, ಮುಂದಿನ ಸಾಲಿನಲ್ಲಿದ್ದ ವಕೀಲರ ಕನ್ನಡಕಕ್ಕೆ ಬಡಿಯಿತು. ಬೆಳಿಗ್ಗೆ ಇಬ್ಬರೂ ಅಂಗಡಿಯ ಬಾಗಿಲಲ್ಲಿದ್ದರು. ಅವರ ಹಿಂದೆ, ಪ್ಯಾಂಟು ಕೈಯಲ್ಲಿ ಹಿಡಿದು ಮತ್ತೆ ಮೂವರು.

ಹೆಂಡತಿ ಕತ್ತರಿ ಕೆಳಗಿಟ್ಟಳು. "ಅತ್ತೆ ಕಣ್ಣು ಬೀಳದೆ ನಾನು ಬಟ್ಟೆ ಮುಟ್ಟಲ್ಲ ನೋಡಿ."

ತಂಗಿ ಮತ್ತೆ ಬಂದು ಎಲ್ಲ ಮೊದಲಿನಂತೆ ಮಾಡಿಕೊಟ್ಟಳು. ದರ್ಜಿ ಚಹಾ ಹಿಡಿದು, ತಲೆ ತಗ್ಗಿಸಿ ಅಮ್ಮನ ಮುಂದೆ ನಿಂತ. ಅಮ್ಮ ಹಂಗಿಸಲಿಲ್ಲ. "ಮೊದಲು ವಕೀಲರದ್ದು ತೆಗಿ. ಅವರ ಎಡಭುಜ ಇಳಿದಿದೆ," ಎಂದಳು.

ಆದರೆ ಹೆಂಡತಿಯ ಬಾಯಲ್ಲಿ ಮಾತು ನಿಲ್ಲಲಿಲ್ಲ. ಗುಟ್ಟು ಬೀದಿಗೆ ಬಿತ್ತು. ಅಂದಿನಿಂದ ಕಿಟಕಿ ಹತ್ತಿರವಾಗುತ್ತಲೇ ಜನ ಹೊಟ್ಟೆ ಎಳೆದು, ಕೆನ್ನೆ ಉಬ್ಬಿಸಿ, ಸೆಟೆದುಕೊಂಡು ನಡೆಯತೊಡಗಿದರು. ಪೋಸ್ಟ್‌ಮ್ಯಾನ್ ಒಂದೇ ಉಸಿರಿನಲ್ಲಿ ಆರು ಮನೆ ದಾಟುವ ಭರದಲ್ಲಿ ಅವರ ಕಾಗದ ಇವರ ಮನೆಗೆ ಎಸೆದುಹೋದ.

"ಎಲ್ಲಾ ಕೆಟ್ಟುಹೋಯ್ತಲ್ಲಮ್ಮ!" ಎಂದು ದರ್ಜಿ ತಲೆಮೇಲೆ ಕೈಹೊತ್ತು ಕೂತ.

ಅಮ್ಮ ಟ್ಯಾಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು. "ಕುರ್ಚಿ ತಗೊಂಡು ಹಿಂದಿನ ಕಿಟಕಿಗೆ ಹಾಕು. ಅಲ್ಲಿಂದ ಕಾಣೋ ಬೀದಿ ತಿರುವಿನಲ್ಲಿ ಎಲ್ರೂ ಉಸಿರು ಬಿಡ್ಲೇಬೇಕಲ್ಲ. ಆ ಕಿಟಕಿ ಹತ್ರ ವೈಫೈ ಸಿಗತ್ತಾ, ಅದೊಂದು ನೋಡು."