ಎರಡು ಲೋಡು ಜೇಡಿ

ಹಳ್ಳಿಮೈಸೂರು ಹೋಬಳಿಯಲ್ಲಿ ನೀರುಗಂಟಿ ಚಿಕ್ಕಯ್ಯನಂಥವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಅವನು ಕೆರೆಯ ತೂಬು ಎತ್ತಿದರೆ ಸಾವಿರ ಗದ್ದೆ ಎದ್ದು ನಿಂತು ಕೈಮುಗಿಯುತ್ತಿದ್ದವು. ಮುಚ್ಚಿದರೆ ಇರುವೆ ಕುಡಿಯುವಷ್ಟು ನೀರೂ ಆಚೆ ಹೋಗುತ್ತಿರಲಿಲ್ಲ. ಕೆರೆಯಲ್ಲಿ ಮೀನೆಷ್ಟು ಎಂದರೆ ಗಂಡೆಷ್ಟು, ಹೆಣ್ಣೆಷ್ಟು ಎಂದೇ ಬಿಡಿಸಿ ಹೇಳುವವನು.

ಅಂಥವನ ಮಾತನ್ನೂ ಈ ಬೇಸಿಗೆಯಲ್ಲಿ ಯಾರೂ ಕೇಳಲಿಲ್ಲ. ಕೆರೆಯ ಗೋಡುಮಣ್ಣು ಹೊಲಕ್ಕೆ ಹೊಡೆಯುವುದು ಊರಿನ ಹಳೇ ಪದ್ಧತಿ. ಎತ್ತಿನ ಗಾಡಿಯ ಕಾಲದಲ್ಲಿ ಮೊಣಕಾಲುದ್ದ ತೆಗೆದು ನಿಲ್ಲಿಸುತ್ತಿದ್ದರು. ಈಗ ಬಂದದ್ದು ಮೂರಾನೆ ಗಾತ್ರದ ಜೆಸಿಬಿ. ಟ್ರ್ಯಾಕ್ಟರುಗಳ ಸಾಲಿನ ಬಾಲ ಅರಕಲಗೂಡು ಮುಟ್ಟಿತ್ತು.

"ಗೌಡ್ರೇ, ತಳದ ಜೇಡಿ ಮುಟ್ಬ್ಯಾಡಿ. ನೀರ್ನ ಇಡ್ಕಂಡಿರಾದೇ ಅದು. ಆ ಜೊಂಡೂ ಇರ್ಲಿ, ಅಕ್ಕಿಗಳು ಮರಿ ಮಾಡ್ತವೆ," ಎಂದ ಚಿಕ್ಕಯ್ಯ.

ದೊಡ್ಡ ಜಮೀನಿನ ತಿಮ್ಮಪ್ಪ ನಕ್ಕ. "ಲೇ ಚಿಕ್ಕಯ್ಯ, ಆಳ ಆದಷ್ಟೂ ನೀರು ಜಾಸ್ತಿ ಕಣ್ಲಾ. ಎಲ್ಡು ಬೆಳೆ ಭತ್ತ, ಮ್ಯಾಲೆ ಶುಂಠಿ! ನಿನ್ನ ಕೊಕ್ಕರೆ ಎಸ್ರಲ್ಲಿ ಪಹಣಿ ಐತಾ?"

ಎಲ್ಲರೂ ಹೊಡೆಯುವಾಗ ತನ್ನ ಅರ್ಧ ಎಕರೆಗೇಕೆ ಬೇಡ ಎಂದು ಚಿಕ್ಕಯ್ಯನೂ ಎರಡು ಲೋಡು ಹಾಕಿಸಿಕೊಂಡ. ಎರಡನೆಯದನ್ನು ತೋಡಿದ ಗುಂಡಿಯ ತಳದಲ್ಲಿ ಮರಳು ಕಂಡಿತು. ಕಂಡೂ ಟ್ರ್ಯಾಕ್ಟರಿಗೆ ಹೊಲದ ದಾರಿ ತೋರಿಸಿದ.

ಆಮೇಲೆ ಆಕಾಶದ ತಳವೇ ಕಿತ್ತುಬಂದಂಥ ಮಳೆ. ಕೆರೆ ಕೋಡಿ ಬಿತ್ತು. ಆದರೆ ಮಳೆ ನಿಂತ ಹದಿನೈದೇ ದಿನಕ್ಕೆ, ತೂಬು ಎತ್ತುವ ಮೊದಲೇ, ನೀರು ಮುಕ್ಕಾಲು ಇಳಿದಿತ್ತು. ಊರಿನ ನಲ್ಲಿಗೆ ನೀರೆತ್ತುವ ಪಂಪು ಬರೀ ಗಾಳಿ ಎಳೆಯತೊಡಗಿತು.

"ಯಾರಿಗ್ಲಾ ಬುಟ್ಟೆ ನೀರ?" ತಿಮ್ಮಪ್ಪ ಏರಿಯ ಮೇಲೆ ನಿಂತು ಕೂಗಿದ.

"ಯಾರ್ಗೂ ಇಲ್ಲ ಗೌಡ್ರೇ. ತಳ ಸೋರ್ತೈತೆ."

"ತಳ ಸೋರಕ್ಕೆ ಇದೇನು ನಿಮ್ಮನೆ ಬಿಂದಿಗೆಯಾ?"

ಚಿಕ್ಕಯ್ಯ ಮುಳುಗಿ ತೂಬು ತಡವಿದ. ಬಿಗಿಯಾಗೇ ಇತ್ತು. ಮಣ್ಣು ಮೆತ್ತಿ ಇನ್ನೂ ಬಿಗಿ ಮಾಡಿದ. ಮಾರನೆಯ ದಿನ ನೀರು ಮತ್ತೊಂದು ಗೇಣು ಕೆಳಗಿತ್ತು. ಜೊಂಡಿದ್ದ ಜಾಗದ ಮೇಲೆ ಎರಡು ಸುತ್ತು ಹಾಕಿದ ಕೊಕ್ಕರೆಗಳು ಗೊರೂರಿನ ಕಡೆ ಹೋದವು.

ಹೆಂಡತಿ ಮಲ್ಲಿಗಮ್ಮ ಖಾಲಿ ಬಿಂದಿಗೆ ಹಿಡಿದು ಬಂದಳು. "ಮುಚ್ಚಿರೋ ತೂಬ್ನೇ ಇನ್ನೆಷ್ಟು ಸತಿ ಮುಚ್ತೀಯ? ಬಾ ಮನ್ಗೆ."

ಅವನು ಮನೆಗೆ ಹೋಗಲಿಲ್ಲ, ಹೊಲಕ್ಕೆ ಹೋದ. ರಾಗಿ ಪೈರಿನ ಬುಡದಿಂದ ಆ ಜೇಡಿಯನ್ನೇ ಕೆರೆದು ಬುಟ್ಟಿಗೆ ತುಂಬಿದ. ಹೊತ್ತು ತಂದು ಕೆರೆಗೆ ಸುರಿದ. ಸಂಜೆಯ ಹೊತ್ತಿಗೆ ಒಂಬತ್ತು ಬುಟ್ಟಿ ಆಗಿತ್ತು. ನೀರು ಒಂದಿಷ್ಟು ಕಪ್ಪಾಯಿತು, ತಿಳಿಯಾಯಿತು, ಇಳಿಯುತ್ತಲೇ ಇತ್ತು.