ಅಮ್ಮನಿಗೊಂದು ಹಳೇ ವಾಚು

ಟೈಲರಮ್ಮನ ಮನೆಯಲ್ಲಿ ಗಡಿಯಾರಕ್ಕೇನೂ ಬರವಿರಲಿಲ್ಲ. ಗೋಡೆಯ ಮೇಲೊಂದು, ಹೊಲಿಗೆ ಮೆಷಿನಿನ ಪಕ್ಕದಲ್ಲೊಂದು, ಫೋನಿನಲ್ಲೊಂದು. ಆದರೂ ಅವಳ ಅಮ್ಮ ದಿನಕ್ಕೆ ಹತ್ತು ಸಲ ತಮ್ಮ ಬರಿಯ ಮಣಿಕಟ್ಟನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಅಮ್ಮ ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅಷ್ಟೂ ವರ್ಷ ಅವರ ಕೈಯಲ್ಲಿದ್ದದ್ದು ಒಂದೇ ವಾಚು, ಬೆಳಿಗ್ಗೆ ಎದ್ದು ಕೀ ಕೊಡುವಂಥದ್ದು. ನಿವೃತ್ತಿಗೆ ಒಂದು ವಾರ ಇದೆ ಎನ್ನುವಾಗ ಅದು ಬಿಸಿನೀರಿನ ಬಕೆಟ್ಟಿಗೆ ಬಿದ್ದು ಕೆಟ್ಟುಹೋಯಿತು. ಸೊಸೆಯೇ ವಾಚ್ ರಿಪೇರಿಯವಳಾದರೂ ಕೈ ಚೆಲ್ಲಬೇಕಾಯಿತು. "ಹೋಗ್ಲಿ ಬಿಡಿ, ನನ್ನ ಜೊತೆ ಅದೂ ರಿಟೈರ್ ಆಯ್ತು," ಎಂದು ಅಮ್ಮ ನಕ್ಕುಬಿಟ್ಟರು. ಕೈ ಮಾತ್ರ ಅಭ್ಯಾಸ ಬಿಡಲಿಲ್ಲ. ಜ್ವರ, ತಲೆಸುತ್ತು ಎಂದು ಬೀದಿಯವರು ಈಗಲೂ ಬಂದು ಅಮ್ಮನ ಮುಂದೆ ಕೈ ಚಾಚುತ್ತಾರೆ. ಅಮ್ಮ ನಾಡಿ ಹಿಡಿದು, ದೂರದ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳನ್ನು ಹುಡುಕುತ್ತಾ ಕಣ್ಣು ಕಿರಿದು ಮಾಡುತ್ತಾರೆ. ಎಣಿಕೆ ನಡುವೆಯೇ ತಪ್ಪುತ್ತದೆ. ಅದನ್ನು ನೋಡಿದಾಗಲೆಲ್ಲ ಟೈಲರಮ್ಮ ಹೊಲಿಗೆ ಮೆಷಿನು ನಿಲ್ಲಿಸಿಬಿಡುತ್ತಿದ್ದಳು.

ಬರುವ ಭಾನುವಾರ ಅಮ್ಮನಿಗೆ ಎಪ್ಪತ್ತು ತುಂಬುವುದಿತ್ತು. ಅಷ್ಟರೊಳಗೆ ಅಂಥದ್ದೇ ವಾಚನ್ನು ಅವರ ಕೈಗೆ ಕಟ್ಟಬೇಕೆಂದು ಟೈಲರಮ್ಮ ಹಠ ಹಿಡಿದಿದ್ದಳು. ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದ್ದರಿಂದ ಹೊಸದು ಸಿಗುವ ಮಾತೇ ಇರಲಿಲ್ಲ. ಶಾಲೆಯ ಸಮವಸ್ತ್ರ ಹೊಲಿದು ಹಣ ಎತ್ತಿಟ್ಟುಕೊಂಡು, ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದಳು. ಗುರುವಾರ ಬೆಳಿಗ್ಗೆ ಕೊನೆಗೂ ಒಂದು ಕಣ್ಣಿಗೆ ಬಿತ್ತು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೇರ ಅತ್ತಿಗೆಯ ಅಂಗಡಿಗೆ ಬಂದಳು.

ಅಣ್ಣನ ಹೆಂಡತಿಗೆ ಮನೆಯವರು ಇಟ್ಟ ಹೆಸರು ಭೂತಗನ್ನಡಿ ಅತ್ತಿಗೆ. ಇಪ್ಪತ್ತೆರಡು ವರ್ಷದಿಂದ ವಾಚ್ ರಿಪೇರಿ ಅವರ ಕಸುಬು. ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಅಂಗಡಿ, ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕು. ಮೇಜಿನ ಮೇಲೆ ಬಿಳಿ ಹಾಳೆ, ಚಿಮುಟ, ಬೆರಳುದ್ದದ ಸ್ಕ್ರೂಡ್ರೈವರುಗಳು, ಬಿಚ್ಚಿಟ್ಟ ಭಾಗಗಳ ಮೇಲೆ ಧೂಳು ಕೂರದಂತೆ ಬೋರಲು ಹಾಕಿದ ಗಾಜಿನ ಲೋಟ. ತರಕಾರಿ ಕೊಳ್ಳುವಾಗಲೂ ಇವಳು ಕಣ್ಣಿಗೆ ಭೂತಗನ್ನಡಿಯ ಗಾಜು ಹಾಕಿಕೊಳ್ಳುತ್ತಾಳೆ ಎಂದು ಅಣ್ಣ ರೇಗಿಸುತ್ತಾನೆ. ಆ ಮಾತಿಗೆ ಟೈಲರಮ್ಮನೂ ಎಷ್ಟೋ ಸಲ ನಕ್ಕಿದ್ದಳು.

"ಅತ್ತಿಗೆ, ಕರೀ ಬೆಲ್ಟು ಒಂದು ತೆಗೆದಿಡಿ. ಅಮ್ಮನಿಗೆ ವಾಚು ಸಿಕ್ತು!"

"ಎಲ್ಲಿ, ಕೊಡು ನೋಡೋಣ."

"ಇನ್ನೂ ತಗೊಂಡಿಲ್ಲ. ನೀವು ನೋಡ್ಬೇಕು, ಡಯಲ್ಲು ಫಳಫಳ ಅಂತಿದೆ. ನಿನ್ನೆ ಮಾಡಿದ ಹಾಗಿದೆ."

ಅತ್ತಿಗೆ ಕಣ್ಣಿನ ಗಾಜು ತೆಗೆದರು. "ಎಷ್ಟು ವರ್ಷದ್ದಂತೆ?"

"ನಲವತ್ತೈದು."

"ನನಗೂ ನಲವತ್ತೈದೇ ಕಣೇ. ಅದು ಯಾವ ಕ್ರೀಮು ಹಚ್ಕೊಳ್ಳತ್ತೆ ಅಂತ ಸ್ವಲ್ಪ ಕೇಳ್ಕೊಂಡು ಬಾ."

ಟೈಲರಮ್ಮನ ಮುಖ ಚಿಕ್ಕದಾಯಿತು. "ನಿಮಗೆ ಎಲ್ಲದರಲ್ಲೂ ಅನುಮಾನ ಅತ್ತಿಗೆ. ಅಂಗಡಿ ಯಜಮಾನರು ಎಷ್ಟು ಒಳ್ಳೆಯವರು ಗೊತ್ತಾ? ಕುರ್ಚಿ ಹಾಕಿ ಕೂರಿಸಿ ಮಾತಾಡಿಸಿದ್ರು. ಕಂಪನಿ ಹೆಸರು ಡಯಲ್ ಮೇಲೇ ಇದೆ, ನಾನೇ ಓದಿದೆ. ಚೆನ್ನಾಗಿ ಓಡ್ತಾನೂ ಇದೆ. ಸಂಜೆಯೊಳಗೆ ಬೇರೆ ಗಿರಾಕಿ ಬರ್ತಾರಂತೆ, ಬೇಗ ಹೇಳಿ ಅಂದ್ರು."

"ನಲವತ್ತೈದು ವರ್ಷ ಕಾದಿರೋ ವಾಚಿಗೆ ನಾಳೆವರೆಗೆ ಕಾಯೋಕಾಗಲ್ವಂತಾ?" ಅತ್ತಿಗೆ ಚಿಮುಟ ಕೆಳಗಿಟ್ಟರು. "ಅದಿರ್ಲಿ. ನೀನು ಹೊಲಿದ ಬಟ್ಟೆ ಕೊಳ್ಳುವಾಗ ಮೊದಲು ಏನು ನೋಡ್ತೀಯ?"

"ಅದೇನು ಕೇಳೋದು? ಒಳಗು ಹೊರಗು ಮಾಡಿ ಹೊಲಿಗೆ..." ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು.

ಯಾರು ಹೊಸ ಬಟ್ಟೆ ತೊಟ್ಟು ಬಂದರೂ ಅಂಚು ಮಗುಚಿ ಒಳಹೊಲಿಗೆ ನೋಡದೆ ಬಿಡುವವಳಲ್ಲ ಅವಳು. ಮೇಲಿನ ಬಣ್ಣಕ್ಕೆ ಮರುಳಾಗಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವಳು ಕೂಡ ಅವಳೇ. ಆ ವಾಚನ್ನು ಮಾತ್ರ ಅವಳು ಒಂದು ಸಲವೂ ಬೆನ್ನು ತಿರುಗಿಸಿ ನೋಡಿರಲಿಲ್ಲ.

ಅತ್ತಿಗೆ ಕಣ್ಣಿನ ಗಾಜನ್ನೂ ಮುಚ್ಚಳ ಬಿಚ್ಚುವ ಸಲಕರಣೆಯನ್ನೂ ಚೀಲಕ್ಕೆ ಹಾಕಿಕೊಂಡು ಬಾಗಿಲೆಳೆದರು. ಇಬ್ಬರೂ ಹಳೇ ಸಾಮಾನಿನ ಅಂಗಡಿಗೆ ಹೋದರು.

ಯಜಮಾನರು ನಗುತ್ತಲೇ ವಾಚು ಮುಂದಿಟ್ಟರು. ಅತ್ತಿಗೆ ಅದನ್ನು ಮುಟ್ಟಲಿಲ್ಲ. ತಮ್ಮ ಗಾಜನ್ನು ನಾದಿನಿಯ ಕೈಗೆ ಕೊಟ್ಟರು. "ನೀನೇ ನೋಡು. ನಾನು ಹೇಳಿದ್ರೆ ಮತ್ತೆ ಅನುಮಾನದವಳು ಅಂತೀಯ."

ಟೈಲರಮ್ಮ ಗಾಜಿಗೆ ಕಣ್ಣು ಹಚ್ಚಿದಳು. ಬರಿಗಣ್ಣಿಗೆ ಚಂದ ಕಂಡಿದ್ದ ಕಂಪನಿಯ ಹೆಸರು ಈಗ ದಪ್ಪಗೆ, ಅಂಚು ಹರಡಿಕೊಂಡು ಕಾಣಿಸಿತು. ಎರಡು ಅಕ್ಷರದ ನಡುವೆ ಜಾಗ ಹೆಚ್ಚು, ಇನ್ನೆರಡರ ನಡುವೆ ಇಲ್ಲವೇ ಇಲ್ಲ.

"ಕಂಪನಿಯವರು ಅಚ್ಚು ಹಾಕಿದ್ರೆ ಗೆರೆ ಚೊಕ್ಕವಾಗಿರತ್ತೆ. ಇದು ಆಮೇಲೆ ಬಣ್ಣ ಹೊಡೆಸಿದ್ದು," ಎಂದರು ಅತ್ತಿಗೆ. "ಮುಳ್ಳುಗಳನ್ನ ನೋಡು. ಏನಾದ್ರೂ ಅನ್ಸತ್ತಾ?"

ಟೈಲರಮ್ಮ ನೋಡಿದಳು. ಮೊದಲು ಏನೂ ತೋಚಲಿಲ್ಲ. ಆಮೇಲೆ ಅವಳ ಅಳತೆಯ ಕಣ್ಣು ತಾನಾಗಿ ಕೆಲಸಕ್ಕಿಳಿಯಿತು. "ಅತ್ತಿಗೆ, ನಿಮಿಷದ ಮುಳ್ಳು ಗಿಡ್ಡ ಆಯ್ತು. ಗೆರೆಗೆ ಮುಟ್ತಾನೇ ಇಲ್ಲ. ಬೇರೆಯವರ ಅಳತೆಗೆ ಹೊಲಿದ ತೋಳಿದ್ದ ಹಾಗಿದೆ."

"ಶಭಾಷ್! ಇಪ್ಪತ್ತೆರಡು ವರ್ಷ ಕಲಿತಿದ್ದನ್ನ ಎರಡೇ ನಿಮಿಷಕ್ಕೆ ಹಿಡಿದುಬಿಟ್ಟೆ!" ಅತ್ತಿಗೆಗೆ ನಿಜಕ್ಕೂ ಖುಷಿಯಾಗಿತ್ತು. ಯಜಮಾನರ ಕಡೆ ತಿರುಗಿದರು. "ಬೆನ್ನಿನ ಮುಚ್ಚಳ ತೆಗೆದು ನೋಡಬಹುದಾ?"

"ಅಯ್ಯೋ, ಬೇಡಮ್ಮ. ಒಳಗೆ ಧೂಳು ಹೋಗತ್ತೆ."

"ನನ್ನ ಕಸುಬೇ ಅದು. ಧೂಳು ಹೋದ್ರೆ ಪೂರ್ತಿ ಬಿಚ್ಚಿ ತೊಳೆದುಕೊಡ್ತೀನಿ, ದುಡ್ಡು ಬೇಡ. ತೆಗೀಬಾರದು ಅಂದ್ರೆ ನಾವೂ ಕೊಳ್ಳಲ್ಲ, ಅಷ್ಟೇ."

ಯಜಮಾನರು ತಲೆ ಕೆರೆದುಕೊಂಡು ಒಪ್ಪಿದರು. ಮುಚ್ಚಳ ಬಂತು. ಡಯಲಿನ ಮೇಲೆ ಒಂದು ಹೆಸರು, ಒಳಗಿನ ಮೆಷಿನಿನ ಮೇಲೆ ಇನ್ನೊಂದು ಹೆಸರು. ಮೆಷಿನು ವಾಚಿನ ಹೊರಗಿನ ಡಬ್ಬಿಗಿಂತ ಸಣ್ಣದು. ಸುತ್ತ ಉಳಿದ ಜಾಗಕ್ಕೆ ಬಿಳೀ ಪ್ಲಾಸ್ಟಿಕ್ ಬಳೆಯೊಂದನ್ನು ತುರುಕಿದ್ದರು. ಸ್ಕ್ರೂಗಳ ತಲೆಯೆಲ್ಲ ಕಿತ್ತುಹೋಗಿತ್ತು.

"ಮೂರು ವಾಚಿನ ತುಂಡು ಸೇರಿಸಿ ಒಂದು ಮಾಡಿದಾರೆ," ಎಂದರು ಅತ್ತಿಗೆ. "ಗಾಜು, ಬೆಲ್ಟು ಬದಲಾಗೋದು ಸಹಜ. ಡಯಲ್ಲಿಗೆ ಬಣ್ಣ ಹೊಡೆಸಿದ್ರೂ ತಪ್ಪಲ್ಲ. ಆದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಬೇಕು."

"ನಾನು ಒಂದು ಪೆಟ್ಟಿಗೆ ಹಳೇ ವಾಚು ಒಟ್ಟಿಗೆ ಕೊಂಡಿದ್ದಮ್ಮ, ಬಿಚ್ಚಿ ನೋಡಿದವನಲ್ಲ," ಎಂದರು ಯಜಮಾನರು. ನಿಜವೋ ಸುಳ್ಳೋ ಅವರೇ ಬಲ್ಲರು, ಮುಖವಂತೂ ಕೆಂಪೇರಿತ್ತು.

ಟೈಲರಮ್ಮನಿಗೆ ಹಣ ಉಳಿಯಿತೆಂಬ ಸಂತೋಷವೂ ಆಗಲಿಲ್ಲ. ಭಾನುವಾರಕ್ಕೆ ಉಳಿದದ್ದು ಎರಡೇ ದಿನ, ಅಮ್ಮನ ಕೈ ಬರಿದಾಗಿಯೇ ಇರುತ್ತದಲ್ಲ ಎಂದು ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅತ್ತಿಗೆ ಗಾಜಿನ ಪೆಟ್ಟಿಗೆಯ ಮೂಲೆಗೆ ಬೆರಳು ತೋರಿಸಿದರು. "ಅದೂ ಅದೇ ಕಂಪನೀದಲ್ವಾ? ಸ್ವಲ್ಪ ಕೊಡಿ."

"ಬೇಡ ಅತ್ತಿಗೆ, ಬೆಳಿಗ್ಗೇನೇ ತೋರಿಸಿದ್ರು. ಅದರ ಮುಖ ನೋಡಿ, ಟೀ ಚೆಲ್ಲಿದ ಹಾಗಿದೆ."

"ವಯಸ್ಸಾದವರ ಮುಖ ಇನ್ನು ಹೇಗಿರ್ಬೇಕು?"

ಡಯಲು ಹಳದಿಗಟ್ಟಿತ್ತು. ಮುಳ್ಳುಗಳ ಬಣ್ಣವೂ ಅಷ್ಟೇ ಮಾಸಿತ್ತು. "ಮೇಲಿನ ಗಾಜು ಮಾತ್ರ ಹೊಸದು. ಉಳಿದದ್ದೆಲ್ಲಾ ಒಟ್ಟಿಗೆ ಮುದಿಯಾಗಿದೆ ನೋಡು, ಅಸಲಿ ಅನ್ನೋದಕ್ಕೆ ಇದೇ ಲಕ್ಷಣ," ಎನ್ನುತ್ತಾ ಅತ್ತಿಗೆ ಮುಚ್ಚಳ ತೆಗೆದು, ಗಾಜನ್ನು ಮತ್ತೆ ನಾದಿನಿಗೇ ಕೊಟ್ಟರು.

ಟೈಲರಮ್ಮ ಬಗ್ಗಿ ನೋಡಿದಳು. ಡಬ್ಬಿಗೆ ಸರಿಯಾಗಿ ಕೂತ ಮೆಷಿನು, ಅದರ ಮೇಲೆ ಡಯಲಿನದೇ ಹೆಸರು. ಕೂದಲಿಗಿಂತ ತೆಳುವಾದ ಸ್ಪ್ರಿಂಗೊಂದು ಉಸಿರಾಡುತ್ತಿತ್ತು. ಚಕ್ರಗಳನ್ನು ಹಿಡಿದ ಕೆಂಪು ಕಲ್ಲುಗಳು ಸಾಸಿವೆಗಿಂತ ಚಿಕ್ಕವು. ಎಂದೂ ಯಾರೂ ನೋಡದ ಜಾಗವನ್ನು ಇಷ್ಟು ಚಂದ ಮಾಡಿದವರು ಎಂಥ ಜನ ಎಂದು ಅವಳಿಗೆ ಅನಿಸಿತು. ಅದನ್ನು ದಿನವೂ ನೋಡಿ, ಅದರ ಬಗ್ಗೆ ಒಂದು ದಿನವೂ ಜಂಬ ಕೊಚ್ಚದ ಅತ್ತಿಗೆಯನ್ನೂ ಅವಳು ಹೊಸದಾಗಿ ನೋಡಿದಳು.

"ಮುಚ್ಚಳದ ಒಳಗೆ ಇದೇನೋ ಗೀರಿದೆಯಲ್ಲ?"

"ಅದು ನಮ್ಮ ಕಸುಬಿನವರ ಗುರುತು. ಎಲ್ಲರೂ ಹಾಕಲ್ಲ, ಹಳಬರು ಹಾಕ್ತಾರೆ. ರಿಪೇರಿ ಮಾಡಿದವರು ತಮ್ಮ ಗುರುತು, ತಾರೀಖು ಗೀರಿಡ್ತಾರೆ. ನೋಡು, ನಾಲ್ಕು ಕೈಬರಹ ಇದೆ. ನಾಲ್ಕು ಜನ ಇದನ್ನ ಜೋಪಾನ ಮಾಡಿದಾರೆ."

"ಯಾರಿಗೋಸ್ಕರ ಬರೀತಾರೆ?"

"ಮುಂದೆ ಬಿಚ್ಚೋರಿಗೆ."

ಟೈಲರಮ್ಮ ಕಣ್ಣಿನಿಂದ ಗಾಜು ತೆಗೆದಳು. "ನಾವೂ ಹಾಗೇ ಅತ್ತಿಗೆ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲೀತೀವಿ. ಮುಂದೆ ಯಾರಾದ್ರೂ ಬಿಚ್ಚಿ ಸಡಿಲ ಮಾಡ್ಕೊಳ್ಳಲಿ ಅಂತ."

ಬೆಲೆ ಮೊದಲಿನದಕ್ಕಿಂತ ಕಡಿಮೆಯೇ ಇತ್ತು. ಆದರೂ ಅತ್ತಿಗೆ ರಸೀದಿ ಬಿಡಲಿಲ್ಲ. ಕಂಪನಿಯ ಹೆಸರು, ಮುಚ್ಚಳದ ಮೇಲಿನ ನಂಬರು, ಗಾಜು ಮಾತ್ರ ಬದಲಾಗಿದೆ ಎಂಬ ಮಾತು, ಹೇಳಿದ್ದು ಸುಳ್ಳಾದರೆ ವಾಪಸು ತೆಗೆದುಕೊಳ್ಳುವ ಮಾತು, ಎಲ್ಲವನ್ನೂ ಬರೆಸಿ ಸಹಿ ಹಾಕಿಸಿದರು. ಶುಕ್ರವಾರ ಅದನ್ನು ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಮುಚ್ಚಳದ ಒಳಗೆ ಐದನೆಯ ಗುರುತು ಗೀರಿದರು.

ಭಾನುವಾರ ಅಮ್ಮ ವಾಚನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಕೀ ಕೊಟ್ಟರು. ಕಿವಿಗೆ ಹಿಡಿದರು. ಕೈಗೆ ಕಟ್ಟಿಕೊಂಡರು. ಆಮೇಲೆ ಮಗಳ ಮಣಿಕಟ್ಟನ್ನು ಎಳೆದುಕೊಂಡು ಮೂರು ಬೆರಳಿಟ್ಟು, ಸೆಕೆಂಡ್ ಮುಳ್ಳಿನ ಮೇಲೆ ಕಣ್ಣು ನೆಟ್ಟರು. ಪೂರ್ತಿ ಒಂದು ನಿಮಿಷ ಎಣಿಸಿದರು.

"ತೊಂಬತ್ತೆರಡು," ಎಂದರು ಅಮ್ಮ. "ಏನೇ ಇದು, ಓಡಿ ಬಂದವಳ ಹಾಗೆ?"

ಮಗಳು ಅತ್ತಿಗೆಯನ್ನು ಮುಂದಕ್ಕೆ ತಳ್ಳಿದಳು. ಅಮ್ಮ ಸೊಸೆಯ ಕೈಯನ್ನೂ ಹಿಡಿದು ಎಣಿಸಿದರು. "ಇವಳದು ನೋಡು, ಎಪ್ಪತ್ತು. ಇವಳು ಬಕೆಟ್ಟಿಗೆ ಬಿದ್ರೂ ನಿಲ್ಲೋಳಲ್ಲ."

ಎಲ್ಲರೂ ನಕ್ಕರು. ನಗುತ್ತಲೇ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಯಾರಿಗೋ ಪ್ರೀತಿಯಿಂದ ಹಳೆಯ ವಾಚೊಂದನ್ನು ಕೊಳ್ಳಲು ಹೊರಟಿರಬಹುದು. ಹೊಳಪಿಗೆ ಮನಸೋಲುವ ಮೊದಲು ಅಕ್ಷರ, ಮುಳ್ಳು, ಬಣ್ಣ ಒಂದಕ್ಕೊಂದು ಹೊಂದುತ್ತವೆಯೇ ಎಂದು ಗಾಜು ಹಿಡಿದು ನೋಡಿ. ಮುಚ್ಚಳವನ್ನು ನೀವೇ ಕೀಳಲು ಹೋಗಬೇಡಿ, ರಿಪೇರಿ ಬಲ್ಲವರಿಂದ ತೆಗೆಸಿ. ಒಳಗೆ ಗೀರು ಇಲ್ಲದಿದ್ದರೆ ಚಿಂತೆಯಿಲ್ಲ, ಮೆಷಿನಿನ ಹೆಸರು ಡಯಲಿನ ಹೆಸರಿಗೆ ಹೊಂದದಿದ್ದರೆ ಮಾತ್ರ ಯಾಕೆಂದು ರಿಪೇರಿ ಬಲ್ಲವರನ್ನು ಕೇಳದೆ ಕೊಳ್ಳಬೇಡಿ. ಇಂದೇ ಕೊಳ್ಳಿ ಎಂದು ಅವಸರ ಮಾಡುವವರಿಗೆ ನಾಳೆ ಬರುತ್ತೇನೆ ಎನ್ನಿ. ಹೇಳಿದ್ದನ್ನೆಲ್ಲ ರಸೀದಿಯಲ್ಲಿ ಬರೆಸಿಕೊಳ್ಳಿ. ನೀವು ಕಟ್ಟುವ ವಾಚನ್ನು ನಂಬಿ ಒಬ್ಬರು ನಾಡಿ ಎಣಿಸುತ್ತಾರೆ. ಬೆನ್ನು ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ.